ಅವಿಭಕ್ತ ಕುಟುಂಬದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ ಅವಿಭಕ್ತ ಕುಟುಂಬದ್ದು. ಪರದೆ, ಹಾರ್ಡ್ ಡಿಸ್ಕ್, ಸ್ಪೀಕರ್, ಕ್ಯಾಮೆರಾ ಎಲ್ಲವೂ ಒಂದೇ ಮೈಯೊಳಗೆ. 2014ರಲ್ಲಿ ಕೊಂಡಾಗ ಅಂಗಡಿಯವನು ‘ಜಾಗ ಉಳಿಯುತ್ತದೆ’ ಎಂದಿದ್ದ. ಮುಂಬಯಿ ಪಕ್ಕದ ಡೊಂಬಿವಲಿಯ ಪುಟ್ಟ ಫ್ಲ್ಯಾಟಿನಲ್ಲಿ ಬದುಕುವವನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೇ? ಆದರೆ ಅವಿಭಕ್ತ ಕುಟುಂಬದ ಇನ್ನೊಂದು ಗುಣವನ್ನು ಅವನು ಹೇಳಲಿಲ್ಲ. ಒಬ್ಬರಿಗೆ ನೆಗಡಿಯಾದರೂ ಮನೆಮಂದಿಯೆಲ್ಲ ಡಾಕ್ಟರ ಬಳಿಗೆ ಹೊರಡಬೇಕು.

ಕಂಪ್ಯೂಟರ್ ನನ್ನದಾದರೂ ಅನುಭೋಗದ ಹಕ್ಕು ನಮ್ಮ ಮಾವನವರದು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಕನ್ನಡ ಬರೆಯುವ ನುಡಿ ತಂತ್ರಾಂಶ ಕಲಿತು ಆತ್ಮಕಥೆಗೆ ಕೈ ಹಾಕಿದರು. ಮಧ್ಯಾಹ್ನದ ಊಟವಾದದ್ದೇ ಪರದೆಯ ಮುಂದೆ ಕುಳಿತರೆ ನಾಲ್ಕು ಗಂಟೆಯ ಕಾಫಿಯವರೆಗೂ ಏಳುತ್ತಿರಲಿಲ್ಲ. ಆಗ ಟಿವಿ ಬಂದ್, ಕುಕ್ಕರಿನ ಸೀಟಿಗೂ ಬಂದ್. ಇಣುಕಿ ನೋಡಿದರೆ, ‘ಮುಗಿದ ಮೇಲೆ ಓದಿದರಾಯಿತು’ ಎನ್ನುತ್ತಿದ್ದರು. ಕೀಲಿಮಣೆಗಿಂತ ಮೌಸಿನ ಸದ್ದೇ ಹೆಚ್ಚು ಕೇಳಿಬರುತ್ತಿತ್ತು. ಒಳ್ಳೆಯ ಲೇಖಕರು ಬರೆಯುವುದಕ್ಕಿಂತ ತಿದ್ದುವುದೇ ಹೆಚ್ಚೆಂದು ಕೇಳಿದ್ದ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಗಿತ್ತು.

ಕಳೆದ ವರ್ಷ ಮಳೆಗಾಲದಲ್ಲಿ ಆ ಪರದೆಯ ಮೇಲೆ ಎಚ್ಚರಿಕೆಯೊಂದು ಮೂಡತೊಡಗಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲವಿಲ್ಲ, ಹನ್ನೊಂದಕ್ಕೆ ಹೋಗಿ ಎಂದು. ಹೋಗೋಣವೆಂದರೆ ಜಾತಕ ಕೂಡಲಿಲ್ಲ. ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರಿನದಾದರೂ ಆಗಿರಬೇಕು. ನಮ್ಮದು ನಾಲ್ಕನೆಯ ತಲೆಮಾರು. ಹುಡುಗನ ಕಡೆಯವರು ಏಳು ತಲೆಮಾರು ವಿಚಾರಿಸುವುದನ್ನು ಕಂಡಿದ್ದೆ, ಎಂಟು ಕೇಳುವವರನ್ನು ಕಂಡದ್ದು ಇದೇ ಮೊದಲು.

‘ಹೊಸದೇ ತಂದುಬಿಡೋಣ ರೀ’ ಎಂದಳು ನನ್ನ ಹೆಂಡತಿ.

‘ನನ್ನ ಬದುಕೆಲ್ಲ ಇದರೊಳಗಿದೆ’ ಎಂದರು ಮಾವ.

ಇದರ ಮೇಲೆ ಮಾತಿಲ್ಲ. ರಿಪೇರಿಯೇ ಗತಿ ಎಂದಾಯಿತು. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದರೆ, 4 ಜಿಬಿ ರ್‍ಯಾಮನ್ನು 8 ಮಾಡಿದರೆ ಮುದಿ ಯಂತ್ರವೂ ಓಡುತ್ತದೆಂದು ವೀಡಿಯೊ ಒಂದರಲ್ಲಿ ಹದಿನಾರರ ಪೋರ ಹೇಳಿದ್ದ. ಅವನು ಏಳು ನಿಮಿಷದಲ್ಲಿ ಮುಗಿಸಿದ ಕೆಲಸವನ್ನು ನಾನು ಭಾನುವಾರ ಬೆಳಿಗ್ಗೆ ತಿಂಡಿಯ ನಂತರ ಆರಂಭಿಸಿದೆ. ಇಂಥ ಯಂತ್ರಗಳ ಬೆನ್ನಿನಲ್ಲಿ ಕಾಣುವ ಸ್ಕ್ರೂಗಳು ಕೆಲವೇ. ಉಳಿದದ್ದನ್ನೆಲ್ಲ ಅಂಚಿನ ಪ್ಲಾಸ್ಟಿಕ್ ಕೊಂಡಿಗಳು ಹಿಡಿದಿರುತ್ತವೆ. ಅವನ್ನು ತೆಳುವಾದ ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಬೇಕು. ಅದು ನಮ್ಮಲ್ಲಿರಲಿಲ್ಲ. ಹಳೆಯ ಎಟಿಎಂ ಕಾರ್ಡು ಎರಡನೆಯ ಮೀಟಿಗೇ ಮುರಿಯಿತು. ಕಣ್ಣಿಗೆ ಬಿದ್ದದ್ದು ದೋಸೆ ಮಗುಚುವ ಸಟ್ಟುಗ.

ಸಟ್ಟುಗಕ್ಕೆ ಈ ಕೆಲಸ ಚೆನ್ನಾಗಿ ಒಪ್ಪಿತು ಎಂದೇ ಹೇಳಬೇಕು. ಕಾವಲಿಗೆ ಅಂಟಿದ ದೋಸೆಯ ಅಂಚನ್ನು ಬಿಡಿಸುವ ಹಾಗೆ ಸುತ್ತಲೂ ಆಡಿಸುತ್ತ ಬಂದೆ. ಟಕ್, ಟಕ್, ಟಕ್. ಪ್ರತಿ ಸದ್ದಿಗೂ ಮಾವನವರ ಮುಖ ಸ್ವಲ್ಪ ಸ್ವಲ್ಪವೇ ಸೊರಗುತ್ತಿತ್ತು. ಕೊನೆಯದು ‘ಟಕ್’ ಎನ್ನದೆ ‘ಫಟ್’ ಎಂದಿತು. ಬೆನ್ನು ಕಳಚಿತು. ಒಳಗೆ ಹನ್ನೊಂದು ವರ್ಷದ ಧೂಳು ಹಾಸಿಗೆಯ ಹತ್ತಿಯಂತೆ ಕೂತಿತ್ತು, ಅದರ ನಡುವೆ ಒಂದು ಸತ್ತ ಜಿರಳೆ. ಧೂಳನ್ನು ಊದಿದೆ, ಜಿರಳೆಯನ್ನು ಎತ್ತಿದೆ, ಮತ್ತೆ ಮುಚ್ಚಿದೆ. ಅಷ್ಟು ಹೊತ್ತಿಗೆ ಧೈರ್ಯವೂ ಮುಗಿದಿತ್ತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಅಮಾವಾಸ್ಯೆ. ಎರಡು ಸ್ಕ್ರೂ ಮಿಕ್ಕಿದ್ದವು. ಅವನ್ನು ಯಾರಿಗೂ ಕಾಣದಂತೆ ಕಿಸೆಗೆ ಸೇರಿಸಿದೆ.

ಹೀಗೆ ಚೌತಿಯ ಹಿಂದಿನ ದಿನ ನಾನು ಕಂಪ್ಯೂಟರನ್ನು ಅಪ್ಪಿಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹೊರಟೆ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಈ ರಸ್ತೆಯಲ್ಲಿ ಸಿಗದ ಕಂಪ್ಯೂಟರ್ ಬಿಡಿಭಾಗವಿಲ್ಲ. ಡೊಂಬಿವಲಿಯಿಂದ ಬರುವವರು ದಾದರಿನಲ್ಲಿ ಗಾಡಿ ಬದಲಿಸಬೇಕು ಎಂಬುದೊಂದೇ ಶಿಕ್ಷೆ. ಮೂರು ಜನ ನಿಲ್ಲಲು ಜಾಗವಿಲ್ಲದ ಅಂಗಡಿಯ ಮೆಕ್ಯಾನಿಕ್ ಬೆನ್ನು ಬಿಚ್ಚಿ, ನನ್ನ ಮುಖ ನೋಡಿ, ‘ಯಾರು ತೆರೆದದ್ದು?’ ಎಂದು ಹಿಂದಿಯಲ್ಲಿ ಕೇಳಿದ. ‘ಪಕ್ಕದ ಮನೆಯವರು’ ಎಂದೆ. ಪರದೆಯ ಕೇಬಲ್ ಜಾರಿತ್ತು, ಅಷ್ಟೆ. ಅದನ್ನು ಒತ್ತಿ, ಎಸ್‌ಎಸ್‌ಡಿ, ರ್‍ಯಾಮ್ ಹಾಕಿ, ಹಳೆಯ ಡಿಸ್ಕನ್ನು ಯುಎಸ್‌ಬಿ ಡಬ್ಬಿಯೊಂದರಲ್ಲಿ ಕೂರಿಸಿಕೊಟ್ಟ. ಹನ್ನೊಂದನ್ನು ಬಲವಂತವಾಗಿ ತುರುಕಬಹುದು, ಮುಂದೆ ಅಪ್‌ಡೇಟ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಅದಕ್ಕಿಂತ ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಳ್ಳಿ ಎಂದ. ನಾನು ಕಿಸೆಯಿಂದ ಎರಡು ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟೆ. ‘ಪಕ್ಕದ ಮನೆಯವರು ಕೊಟ್ಟರೇ?’ ಎಂದ.

ಮಳೆ ಹನಿಯುತ್ತಿತ್ತು. ಯಂತ್ರಕ್ಕೆ ಪ್ಲಾಸ್ಟಿಕ್ ಸುತ್ತಿ, ಮೇಲಿನಿಂದ ಹೆಂಡತಿ ಕಟ್ಟಿಕೊಟ್ಟಿದ್ದ ಕೆಂಪು ಮೇಜುಹಾಸನ್ನು ಹೊದಿಸಿದೆ. ದಾದರಿನಲ್ಲಿ ಜನಸಾಗರ. ಮಾಲು ಡಬ್ಬಿಯ ಬಾಗಿಲಿಗೆ ಬಂದು ನಿಂತೆನೋ ಇಲ್ಲವೋ, ಒಳಗಿನಿಂದ ಯಾರೋ ‘ಬಾಪ್ಪಾ ಆಹೇ, ಜಾಗಾ ದ್ಯಾ!’ ಎಂದು ಕೂಗಿದರು. ಮುಂಬಯಿಯ ಲೋಕಲ್ ರೈಲಿನಲ್ಲಿ ಇಪ್ಪತ್ತೆರಡು ವರ್ಷ ಓಡಾಡಿದ್ದೇನೆ, ನನಗಾಗಿ ಜನ ಇಬ್ಭಾಗವಾದದ್ದು ಅದೊಂದೇ ಸಲ. ಬೆಂಚಿನ ಮೇಲಿದ್ದವನು ಎದ್ದು ಸೀಟು ಬಿಟ್ಟ. ಮೀನಿನ ಖಾಲಿ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಬಟ್ಟೆಯ ಅಂಚು ಮುಟ್ಟಿ ಹಣೆಗೊತ್ತಿಕೊಂಡಳು. ಸೊಂಟದ ಗಂಟಿನಿಂದ ದಾಸವಾಳ ತೆಗೆದು ಹಾಸಿನ ಮಡಿಕೆಯಲ್ಲಿ ಸಿಕ್ಕಿಸಿದಳು. ಇದು ಗಣಪತಿಯಲ್ಲ, ಇಪ್ಪತ್ತೊಂದೂವರೆ ಇಂಚಿನ ಪರದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಡಬ್ಬಿಯೆಲ್ಲ ‘ಗಣಪತಿ ಬಾಪ್ಪಾ’ ಎಂದಿತು. ತೆರೆದ ಬಾಯಿಂದ ‘ಮೋರಯಾ’ ಎಂದೇ ಹೊರಬಂತು. ಠಾಣೆ ದಾಟುವವರೆಗೆ ನಾಲ್ಕು ಸಲ ಹೇಳಿದೆ. ಇಳಿಯುವಾಗ ಇಬ್ಬರು ತರುಣರು ದೇವರಿಗೆ ಪೆಟ್ಟಾಗದಂತೆ ಕೆಳಗಿಳಿಸಿಕೊಟ್ಟರು.

ಲಿನಕ್ಸ್ ಮಿಂಟ್ 22 ಹಾಕಿದ ಕಥೆ ದೊಡ್ಡದಲ್ಲ. ಪೆನ್ ಡ್ರೈವಿನಿಂದ ಅರ್ಧ ಗಂಟೆಯಲ್ಲಿ ಕೂತಿತು, 2029ರವರೆಗೆ ಅಪ್‌ಡೇಟ್ ಬರುತ್ತದಂತೆ. ಮೊದಲು ಆನ್ ಮಾಡಿ ಸ್ನಾನಕ್ಕೆ ಹೋಗಿ ಬರುತ್ತಿದ್ದೆವು. ಈಗ ಟವೆಲ್ ಹುಡುಕುವಷ್ಟರಲ್ಲಿ ಸಿದ್ಧ.

ಹಳೆಯ ಡಿಸ್ಕ್ ಚುಚ್ಚಿ ‘ನನ್ನ ಬದುಕು’ ಎಂಬ ಕಡತ ತೆರೆದೆ. ಮಾವ ಕನ್ನಡಕ ಸರಿಪಡಿಸಿಕೊಂಡರು. ಪರದೆಯ ತುಂಬ ತಲೆಯ ಮೇಲೆ ಚುಕ್ಕೆ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು.

‘ಅಳಿಯಂದಿರೇ, ನಾನು ಇಷ್ಟು ಕಷ್ಟದ ಭಾಷೆಯಲ್ಲಿ ಬರೆದಿರಲಿಲ್ಲ.’

ಹಳೆಯ ನುಡಿ ಫಾಂಟುಗಳ ಉಪಾಯವೇ ಹಾಗೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸೀಟುಂಟು. ಅದಕ್ಕೂ ಮುಂಚಿನ ಫಾಂಟುಗಳಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಸೀಟಿನಲ್ಲಿ ಕೂತಿರುತ್ತವೆ. ಆ ಫಾಂಟು ಇಲ್ಲವಾದರೆ ಸೀಟಿನ ಮೂಲ ಯಜಮಾನರು ಬಂದು ಎಬ್ಬಿಸುತ್ತಾರೆ. ಮಾವನವರಿಗೆ ಹೀಗೆಂದು ವಿವರಿಸಿದರೆ, ‘ಕಲ್ಯಾಣ್ ಫಾಸ್ಟ್ ಲೋಕಲ್ಲಿನ ಹಾಗೆ’ ಎಂದರು. ಹಳೆಯ ಡಿಸ್ಕನ್ನೇ ಕೆದಕಿ ಫಾಂಟನ್ನು ಹುಡುಕಿ, ಇಲ್ಲಿಗೆ ತಂದು ಕೂರಿಸಿ, ಕಡತವನ್ನು ಮತ್ತೆ ತೆರೆದೆ. ಅಚ್ಚುಕಟ್ಟಾದ ಕನ್ನಡ ಮೂಡಿತು. ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

ಒಟ್ಟು ಒಂದೂವರೆ ಪುಟವಿತ್ತು. 1974ರಲ್ಲಿ ಮಾವನವರು ಮಂಗಳೂರಿನಲ್ಲಿ ಬೊಂಬಾಯಿಯ ಬಸ್ಸು ಹತ್ತುತ್ತಾರೆ. ಕಿಟಕಿಯ ಪಕ್ಕದ ಸೀಟು, ಅಮ್ಮ ಕಟ್ಟಿಕೊಟ್ಟ ಬುತ್ತಿ, ಉಡುಪಿಯಲ್ಲಿ ಐದು ನಿಮಿಷದ ನಿಲುಗಡೆ. ಹನ್ನೊಂದು ವರ್ಷ ಬರೆದರೂ ಬಸ್ಸು ಇನ್ನೂ ಕುಂದಾಪುರ ದಾಟಿರಲಿಲ್ಲ.

ನಾನು ಹೆಂಡತಿಯ ಮುಖ ನೋಡಿದೆ, ಅವಳು ಅಪ್ಪನ ಮುಖ ನೋಡಿದಳು. ಮಾವ ಮೌಸನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು ಪರದೆಯ ಮೂಲೆಮೂಲೆಗೂ ಆಡಿಸಿದರು.

‘ಎಲ್ಲ ಸರಿಯಾಗಿದೆ ಅಳಿಯಂದಿರೇ. ಆ ಇಸ್ಪೀಟು ಎಲ್ಲಿ ಹೋಯಿತು?’