ಊರು ಸುತ್ತಿದ ಜೋಳ

ಹಿಟ್ಟಿನ ಡಬ್ಬಿ ತಳ ಕಂಡಿದೆ. ಹಸನು ಮಾಡಿದ ಬಿಳಿಜೋಳ ಚೀಲದಲ್ಲಿ ಬಾಗಿಲಿಗೆ ಆತು ಕೂತಿದೆ. ವಿಜಯಪುರದಲ್ಲಿದ್ದು, ಮನೆಯಲ್ಲಿ ಮಾಲದಂಡಿ ಜೋಳ ಇಟ್ಟುಕೊಂಡು, ಎರಡೂ ಹೊತ್ತು ಅನ್ನ ಉಣ್ಣುವ ಸಂಕಟ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಗಿರಣಿ ಇರುವುದು ಓಣಿಯ ಆ ತುದಿಗೆ. "ಹೋಗೂಣಂತ ತಗೋ, ಗಿರಣಿ ಎಲ್ಲಿ ಓಡಿ ಹೋಗತೈತಿ?" ಅನ್ನುತ್ತಾರೆ ನಮ್ಮನೆಯವರು. ಒಮ್ಮೆ ಕರೆಂಟ್ ಇರಲಿಕ್ಕಿಲ್ಲ, ಒಮ್ಮೆ ಪಾಳಿ ಭಾಳ. ಕಡೆಗೆ ನಾನೇ ಚೀಲ ಎತ್ತಿ ಸ್ಕೂಟರಿನ ಮುಂದೆ ಇಟ್ಟೆ. ಆ ಚೀಲ ಗಾಂಧಿ ಚೌಕಕ್ಕೆ ಹೋಯಿತು, ಸಿದ್ಧೇಶ್ವರ ಗುಡಿಯ ಮುಂದೆ ನಿಂತಿತು, ಗೆಳೆಯರ ಜೋಡಿ ಗೋಳಗುಮ್ಮಟದ ಕಡೆ ಗಾಳಿ ಕುಡಿಯಿತು, ಇವರು ಮಿರ್ಚಿ ಭಜಿ ತಿನ್ನುವುದನ್ನು ನೋಡಿತು, ಸಂಜೆ ಕಾಳಾಗಿಯೇ ಮನೆಗೆ ಬಂತು. ಗಿರಣಿಯ ಮುಂದಿಂದಲೇ ಹಾದು ಬಂದರಂತೆ! "ಗಾಡಿ ರಭಸದಾಗಿತ್ತು, ನಿಲ್ಲಸಾಕ ಆಗಲಿಲ್ಲ."

ನಾನು ಸಿಡುಕಿದ ಮೇಲೆ ಎದ್ದರು, ಸುಳ್ಳಲ್ಲ. ಎದ್ದು ಅಟ್ಟ ಹತ್ತಿ, ಯಾರೂ ಕೇಳದ ಹಳೇ ಟ್ರಂಕು ಝಾಡಿಸಿದರು. ಇಳಿಯುವಾಗ ಕೈಯಲ್ಲಿ ಮೊಬೈಲ್.

"ಇದು ಆಲಸಿತನ ಅಲ್ಲಂತ ನೋಡು. ಸಿರ್ವಾ, ಪಿಚಲ್ ಅಂತ ಇಬ್ಬರು ಮನಶ್ಶಾಸ್ತ್ರದವರು 2013ರಾಗ ಬರದಾರ. ಬ್ಯಾಸರದ ಕೆಲಸ ಮುಂದ ಹಾಕಿದ್ರ ಆ ಹೊತ್ತಿಗೆ ಮನಸು ಹಗುರ ಆಗತೈತಂತ. ಅದಕ್ಕ ಮುಂದ ಹಾಕ್ತಾರಂತ."

"ನಿಮ್ಮ ಮನಸು ಹಗುರಾತು, ಚೀಲ ಹಗುರಾಗಲಿಲ್ಲಲ್ರೀ!"

"ಸುಲ್ತಾನನ ಬಾರಾಕಮಾನೇ ಅರ್ಧಕ್ಕ ನಿಂತೈತಿ, ನಿಂದೊಂದು ಜೋಳದ ಚೀಲ!"

ಬಾರಾಕಮಾನನ್ನು ತನ್ನ ಗೋರಿಗೆಂದು ಕಟ್ಟಿಸುತ್ತಿದ್ದ ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ಸತ್ತುಹೋದ, ಅವನಿಗೆ ಒಂದು ನೆವ ಇತ್ತು. ಇವರಿಗೇನಾಗಿದೆ ಧಾಡಿ?

ಸಿಟ್ಟಿನಲ್ಲಿ ಅದೇ ಮೊಬೈಲ್ ಕಸಿದುಕೊಂಡು ನಾನೂ ಓದಿದೆ. ಮುಂದೆ ಆಗಲಿರುವ ನಮ್ಮನ್ನು ನಾವೇ ಬೇರೆ ಯಾರೋ ಎಂಬಂತೆ ಕಾಣುತ್ತೇವೆ ಅಂತ ಹಾಲ್ ಹರ್ಶ್‌ಫೀಲ್ಡ್ ಎಂಬ ಸಂಶೋಧಕ ಹೇಳುತ್ತಾನೆ. ಅಂದರೆ ಗಿರಣಿಗೆ ಹೋಗಬೇಕಾದವರು ಇವರಲ್ಲ, ನಾಳೆ ಬರುವ ಇನ್ನೊಬ್ಬ ಗಂಡಸು. ಲಗ್ನವಾದಾಗಿನಿಂದ ಆತನ ಮುಖ ನಾನಂತೂ ಕಂಡಿಲ್ಲ. ಅವನನ್ನೇ ಕಟ್ಟಿಕೊಂಡಿದ್ದರೆ ಛಲೋ ಇತ್ತು.

ಅತ್ತೆ ಇದ್ದಾಗ ಕೋಳಿ ಕೂಗುವ ಮುಂಚೆ ಬೀಸುಕಲ್ಲಿನ ಸದ್ದು, ಅದರ ಜೋಡಿ ಅವರ ಪದ. ನಿದ್ದೆಗಣ್ಣಲ್ಲಿ ಕೇಳಿದ ಆ ದನಿ ಈಗಲೂ ಒಮ್ಮೊಮ್ಮೆ ಕಿವಿಗೆ ಬರುತ್ತದೆ. ಅವತ್ತು ಬೀಸದಿದ್ದರೆ ಅವತ್ತು ರೊಟ್ಟಿ ಇಲ್ಲ, ಅವರಿಗೆ ಮುಂದೂಡಲು ಜಾಗವೇ ಇರಲಿಲ್ಲ. ಕಲ್ಲು ಈಗ ಹಿತ್ತಲಲ್ಲಿದೆ. ಒಳಗೆ ತರುವ ಕೆಲಸ ಇವರಿಗೇ ಹೇಳಿದ್ದೇನೆ, ಮುಂದಿನದು ಕೇಳಬೇಡಿ.

ನಿನ್ನೆ ಬಾಗಲಕೋಟೆಯಿಂದ ನಾದಿನಿ ದಿಢೀರ್ ಬಂದಳು. ತಂಗಿಯ ಮುಂದೆ ಮಾನ ಹೋಗಬಾರದೆಂದು ಇವರು ಗಾಡಿ ಹತ್ತಿದವರು, ಚಹಾ ಕುದಿಯುವುದರೊಳಗೆ ಖಾನಾವಳಿಯಿಂದ ಬಿಸಿ ರೊಟ್ಟಿ ಕಟ್ಟಿಸಿಕೊಂಡು ಬಂದರು. ಖಾನಾವಳಿ ಇರುವುದು ಗಿರಣಿಯ ಮಗ್ಗುಲಿಗೇ.