ಕಮಕ್ ಕಿಮಕ್ ಅನ್ನದ ನಾಯಿ

ಮೊನ್ನೆ ಶನಿವಾರ ನಮ್ಮ ನಾಯಿ ಮಿಂಚುಗೆ ರೇಬಿಸ್ ಬೂಸ್ಟರ್ ಲಸಿಕೆ ಹಾಕಿಸಲು ಪಶು ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಮುಂದೆ ಐದಾರು ಜನ ಇದ್ದರು. ಒಂದು ಶಿಟ್ಜು ನಾಯಿ, ಎರಡು ಲ್ಯಾಬ್ರಡಾರ್, ಬಟ್ಟೆ ಬ್ಯಾಗಿನಲ್ಲಿ ಒಂದು ಬೆಕ್ಕು. ಬೆಂಚಿನ ಕೆಳಗೆ ಒಬ್ಬ ಜರ್ಮನ್ ಶೆಪರ್ಡ್ ಮೈ ಮಡಚಿಕೊಂಡು ಕೂತಿದ್ದ. ಅಷ್ಟು ದೊಡ್ಡ ನಾಯಿ ಅಷ್ಟು ಸಣ್ಣ ಜಾಗದಲ್ಲಿ ಹೇಗೆ ಹಿಡಿಸಿತೋ ಗೊತ್ತಿಲ್ಲ.

"ಮನೇಲಿ ಹುಲಿ ಥರ ಇರ್ತಾನೆ ಮೇಡಂ. ಕೊರಿಯರ್‌ನವರು ಗೇಟ್ ಮುಟ್ಟೋ ಹಾಗಿಲ್ಲ. ಇಲ್ಲಿ ಬಂದ್ರೆ ನೋಡಿ," ಎಂದು ಅವನ ಯಜಮಾನರು ನಕ್ಕರು. ಒಳಗಿಂದ ಹೆಸರು ಕೂಗಿದರು. ಇವರು ಬೆಲ್ಟ್ ಹಿಡಿದು ಎಳೆದರು. ಪಾಪ, ಅವನು ಅಲ್ಲೇ ಉಚ್ಚೆ ಹೊಯ್ದುಬಿಟ್ಟ. ತಕ್ಷಣ ತಲೆಗೆ ಫಟಾರನೆ ಒಂದೇಟು. "ಮಾನ ಮರ್ಯಾದೆ ಇಲ್ವೇನೋ ನಿಂಗೆ?" ಕೂತವರೆಲ್ಲ ನಕ್ಕರು. ಸತ್ಯ ಹೇಳುತ್ತೇನೆ, ನನಗೂ ಒಂದು ಸೆಕೆಂಡ್ ನಗು ಬಂತು. ಹಳೇ ಚಾಳಿ.

ಯಾಕೆಂದರೆ ಇದನ್ನೆಲ್ಲ ನಾನೂ ಮಾಡಿದವಳೇ. ಇವತ್ತು ಅದನ್ನೇ ಬರೆಯೋಣ ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತೆ, ನಾಯಿ ಸಾಕದವರು ಇಲ್ಲಿಂದಲೇ ಮುಂದಕ್ಕೆ ಹೋಗಬಹುದು.

ಮಿಂಚುಗಿಂತ ಮೊದಲು ನಮ್ಮ ಮನೆಯಲ್ಲಿ ರಾಜ ಇದ್ದ. ಮುಕ್ಕಾಲು ಪಾಲು ಲ್ಯಾಬ್, ಉಳಿದಿದ್ದು ದೇವರಿಗೇ ಗೊತ್ತು. ಆಸ್ಪತ್ರೆಯಲ್ಲಿ ರಾಜ ಅಂದರೆ ಎಲ್ಲರಿಗೂ ಅಚ್ಚುಮೆಚ್ಚು. ಟೇಬಲ್ ಮೇಲೆ ಎತ್ತಿ ನಿಲ್ಲಿಸಿದರೆ ಬೊಂಬೆ ಥರ ನಿಂತಿರುತ್ತಿದ್ದ. ಬಾಯಿ ತೆರೆದು ನೋಡಿ, ಕಿವಿಗೆ ಔಷಧಿ ಹಾಕಿ, ಥರ್ಮಾಮೀಟರ್ ಎಲ್ಲಿಡಬೇಕೋ ಅಲ್ಲೇ ಇಡಿ, ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. "ಇಂಥ ನಾಯಿ ಹತ್ತು ಬಂದ್ರೆ ನಮ್ ಕೆಲ್ಸ ಎಷ್ಟು ಸಲೀಸು ಅಲ್ವಾ ಸರ್," ಎಂದು ಕಾಂಪೌಂಡರ್ ಹೇಳಿದ್ದಕ್ಕೆ ಮಗ ಫಸ್ಟ್ ರ‍್ಯಾಂಕ್ ಬಂದವಳ ಹಾಗೆ ನಾನು ಬೀಗಿದ್ದೆ.

ಆದರೆ ಎರಡು ಮೂರು ಸಣ್ಣ ವಿಷಯ ಕಣ್ಣಿಗೆ ಬೀಳುತ್ತಿತ್ತು. ಟೇಬಲ್ ಮೇಲೆ ನಿಂತಾಗಲೆಲ್ಲ ರಾಜ ಆಕಳಿಸುತ್ತಿದ್ದ. "ನಿದ್ದೆ ಬರ್ತಿದೆ ಪುಟ್ಟಂಗೆ" ಅಂತ ನಾವು ಮುದ್ದು ಮಾಡುತ್ತಿದ್ದೆವು. ನಾಲಿಗೆ ಚಾಚಿ ಚಾಚಿ ಮೂಗು ನೆಕ್ಕಿಕೊಳ್ಳುತ್ತಿದ್ದ. ಡಾಕ್ಟ್ರ ಕಡೆ ತಲೆ ತಿರುಗಿಸದೆ ಕಣ್ಣು ಮಾತ್ರ ಆ ಕಡೆಗೆ ಹೊರಳಿಸಿ, ಬಿಳಿಗುಡ್ಡೆ ಕಾಣುವ ಹಾಗೆ ನೋಡುತ್ತಿದ್ದ. ಕೆಳಗಿಳಿಸಿದ ಮೇಲೆ ಸ್ಟೀಲ್ ಟೇಬಲ್ ಮೇಲೆ ನಾಲ್ಕು ಒದ್ದೆ ಹೆಜ್ಜೆ ಗುರುತು, ಸುತ್ತ ಒಂದು ಹಿಡಿ ಕೂದಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬೆವರುವುದು ಅಂಗಾಲಲ್ಲಿ. ಪರೀಕ್ಷೆ ಹಾಲ್‌ನಲ್ಲಿ ನಮ್ಮ ಅಂಗೈ ಒದ್ದೆಯಾಗಿ ಪೆನ್ನು ಜಾರುತ್ತಿತ್ತಲ್ಲ, ಅದೇ ಕೇಸು. ಅಲ್ಲಿ ಪಾರ್ಲೆ-ಜಿ ಕೊಟ್ಟರೆ ಮೂಸಿಯೂ ನೋಡುತ್ತಿರಲಿಲ್ಲ. ಮನೆಯಲ್ಲಿ ಚಪ್ಪಲಿಯನ್ನೂ ಬಿಡದ ನಾಯಿ!

ಇದೆಲ್ಲ ಭಯ ಅಂತ ಮೊದಲು ಸರಿಯಾಗಿ ಹೇಳಿದ್ದು ನಮ್ಮತ್ತೆ. ಒಂದು ಸಲ ಜೊತೆಗೆ ಬಂದಿದ್ದರು. ವಾಪಸ್ ಬರುವಾಗ ಆಟೋದಲ್ಲಿ, "ಅದೇನ್ ಒಳ್ಳೆ ನಾಯಿ ಅಂತೀರೋ. ಮಾರಮ್ಮನ ಗುಡಿ ಮುಂದೆ ಕುರಿ ನಿಂತಿರ್ತದಲ್ಲ, ಹಂಗ್ ನಿಂತಿತ್ತು ಅದು," ಅಂದರು. ಅತ್ತೆ ಮಂಡ್ಯ ಕಡೆಯವರು. ಕುರಿಯ ತಲೆ ಮೇಲೆ ನೀರು ಹಾಕಿ, ಅದು ಮೈ ಕೊಡವಿದರೆ ಒಪ್ಪಿಗೆ ಕೊಟ್ಟಿತು ಎನ್ನುವುದನ್ನು ಸಣ್ಣವಯಸ್ಸಿನಿಂದ ನೋಡಿದವರು. ನನಗೆ ಸಿಟ್ಟು ಬಂದಿತ್ತು. ಎಂಥ ಹೋಲಿಕೆ ಅಂತ. ಆಮೇಲೆ ಅದನ್ನು ತಲೆಯಿಂದ ತೆಗೆಯಲು ಆಗಲೇ ಇಲ್ಲ.

ರಾಜನಿಗೆ ಒಂಬತ್ತು ವರ್ಷ ಆದಾಗ ಬೆಳಿಗ್ಗೆ ಎದ್ದ ತಕ್ಷಣ ಹಿಂಗಾಲು ಕುಂಟಲು ಶುರುವಾಯಿತು. ಮೆಟ್ಟಿಲ ಹತ್ತಿರ ನಿಂತು ಯೋಚನೆ ಮಾಡುತ್ತಿದ್ದ. ಕರೆದುಕೊಂಡು ಹೋದೆವು. ಅಲ್ಲಿ ನೋಡಿದರೆ ಸೈನಿಕನ ಥರ ನಡೆದ! ಡಾಕ್ಟ್ರು ಸೊಂಟ ಒತ್ತಿದರು, ಕಾಲು ಹಿಂದಕ್ಕೆ ಎಳೆದರು. ಸದ್ದಿಲ್ಲ. "ಕುಂಟ್ತಾನೆ ಅಂದ್ರಿ, ಚೆನ್ನಾಗೇ ಇದಾನಲ್ಲ?" ಕ್ಯಾಲ್ಸಿಯಂ ಬರೆದುಕೊಟ್ಟರು. ಡಾಕ್ಟ್ರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೆ ಕಂಡಿದ್ದು ಅಷ್ಟೇ. ಭಯದಲ್ಲಿರುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ. ಮೈಯಲ್ಲಿ ಅಡ್ರಿನಲಿನ್ ಏರಿದಾಗ ನೋವು ಹಿಂದಕ್ಕೆ ಸರಿದಿರುತ್ತದೆ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ನಮ್ಮನೆಯವರು ಬೆಳಿಗ್ಗೆ ಆರು ಗಂಟೆಗೆ ಅವನು ಏಳುವುದನ್ನು ಮೊಬೈಲಲ್ಲಿ ವಿಡಿಯೋ ಮಾಡಿ ತೋರಿಸಿದರು. ಡಾಕ್ಟ್ರು ಅದನ್ನು ಎರಡು ಸಲ ನೋಡಿ ಸುಮ್ಮನೆ ಎಕ್ಸ್‌ರೇಗೆ ಬರೆದರು. ಎರಡೂ ಕಡೆ ಸೊಂಟದ ಕೀಲು ಸವೆದಿತ್ತು.

ಎರಡು ತಿಂಗಳು. ಅವನು "ಒಳ್ಳೆ ನಾಯಿ" ಆಗಿದ್ದಕ್ಕೆ ಎರಡು ತಿಂಗಳು ಸುಮ್ಮನೆ ನೋವು ತಿಂದ.

(ನಡುವೆ ಒಂದು ಮಾತು. ಇಂಥ ನೋವಿಗೆ ಮನೆಯಲ್ಲಿರುವ ನಮ್ಮ ಮಾತ್ರೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಹಾಳು ಮಾಡುತ್ತದೆ.)

ಅದಕ್ಕೇ ಈಗ ನನ್ನ ಲೆಕ್ಕ ಉಲ್ಟಾ ಆಗಿದೆ. ಆಸ್ಪತ್ರೆಯಲ್ಲಿ ಕಿರುಚುವ, ಎಳೆದಾಡುವ, ಗುರ್ ಅನ್ನುವ ನಾಯಿ ಕಂಡರೆ ನನಗೆ ಅಷ್ಟು ಚಿಂತೆ ಆಗುವುದಿಲ್ಲ. ಅದು ಹೇಳಬೇಕಾದ್ದನ್ನು ಹೇಳುತ್ತಿದೆ. ಮೂಲೆಯಲ್ಲಿ ಕಲ್ಲಿನ ಥರ ನಿಂತ ನಾಯಿ ಕಂಡರೆ ಹೊಟ್ಟೆ ಚುರ್ ಅನ್ನುತ್ತದೆ.

ಮಿಂಚು ಪೂರ್ತಿ ಬೇರೆ ಜಾತಿ. ಬೀದಿಯಿಂದ ಬಂದವಳು, ಬಾಯಿ ಜೋರು. ಮೊದಲನೇ ವರ್ಷ ಉಣ್ಣೆ ಜ್ವರ ಬಂದಿತ್ತು, ಉಣ್ಣೆಹುಳ ಕಚ್ಚಿ ಬರುತ್ತಲ್ಲ, ಅದು. ರಕ್ತ ತೆಗೆಯಬೇಕಿತ್ತು. ಆಗ ಹೋಗಿದ್ದ ಕಡೆ ಅವಳು ಒಂದು ಸಲ ಹಲ್ಲು ತೋರಿಸಿದ್ದೇ ತಡ, ಬ್ಯಾಂಡೇಜ್ ಬಟ್ಟೆಯಲ್ಲಿ ಮೂತಿ ಬಿಗಿದರು. "ಮೇಡಂ, ನೀವು ಹೊರಗಿರಿ. ನೀವಿದ್ರೆ ಜಾಸ್ತಿ ನಾಟಕ ಮಾಡುತ್ತೆ." ನಾಲ್ಕು ಜನ ಒತ್ತಿ ಹಿಡಿದರು. ಬಾಗಿಲ ಹೊರಗೆ ನಿಂತು ಅವಳ ಕೂಗು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಮೂರು ನಿಮಿಷದಲ್ಲಿ ಕೆಲಸ ಮುಗಿಯಿತು. ಆ ಮೂರು ನಿಮಿಷದ ಸಾಲ ತೀರಿಸಲು ನಮಗೆ ಒಂದು ವರ್ಷ ಹಿಡಿಯಿತು.

ಆಮೇಲೆ ಅವಳು ಆಸ್ಪತ್ರೆ ಇರಲಿ, ಆಟೋ ಹತ್ತುವುದನ್ನೇ ಬಿಟ್ಟಳು. ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಿದರೆ ಪಾರ್ಕು, ಎಡಕ್ಕೆ ತಿರುಗಿದರೆ ಡಾಕ್ಟ್ರು. ಎಡಕ್ಕೆ ಹ್ಯಾಂಡಲ್ ತಿರುಗಿದ ತಕ್ಷಣ ನಡುಕ. ಅವಳ ಲಸಿಕೆ ಪುಸ್ತಕ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿದೆ. ಆ ಡ್ರಾಯರ್ ಕಿರ್ ಅಂದರೆ ದಿವಾನದ ಕೆಳಗೆ ಓಟ.

ನಾವು ಅಂದುಕೊಳ್ಳುವುದು ನಾಯಿಗೆ ಸೂಜಿ ಕಂಡರೆ ಭಯ ಅಂತ. ಕತ್ತಿನ ಹಿಂದಿನ ಸಡಿಲ ಚರ್ಮಕ್ಕೆ ಹಾಕುವ ಲಸಿಕೆ ಎಷ್ಟೋ ನಾಯಿಗಳಿಗೆ ಗೊತ್ತೇ ಆಗುವುದಿಲ್ಲ. ಭಯ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50-60 ಲಕ್ಷ. ನಾಯಿಯ ಮೂಗಿನಲ್ಲಿ 10 ಕೋಟಿಗೂ ಹೆಚ್ಚು. ನಮಗೆ ಅಲ್ಲಿ ಬರುವುದು ಫಿನಾಯಿಲ್ ವಾಸನೆ ಮಾತ್ರ. ಅದಕ್ಕೆ ಬೆಳಿಗ್ಗೆಯಿಂದ ಯಾರ್‍ಯಾರು ಬಂದರು, ಯಾರು ಹೆದರಿ ಉಚ್ಚೆ ಹೊಯ್ದರು, ಎಲ್ಲ ಹಾಜರಿ ಪುಸ್ತಕದ ಥರ ಬಾಗಿಲಲ್ಲೇ ತೆರೆದಿರುತ್ತದೆ. ತುಂಬಾ ಹೆದರಿದ ನಾಯಿ ಬಾಲದ ಕೆಳಗಿನ ಗ್ರಂಥಿಯಿಂದ ಕೊಳೆತ ಮೀನಿನಂಥ ವಾಸನೆ ಬಿಡುತ್ತದೆ. ಅದು ನಮಗೇ ಗೊತ್ತಾಗುತ್ತೆ ಅಂದಮೇಲೆ ನಾಯಿಗೆ ಹೇಗಿರಬೇಡ? ಅದರ ಮೇಲೆ ಜಾರುವ ಸ್ಟೀಲ್ ಟೇಬಲ್. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ. ನಮ್ಮನ್ನು ಹಾಗೆ ಎಣ್ಣೆ ಸವರಿದ ಕಲ್ಲಿನ ಮೇಲೆ ನಿಲ್ಲಿಸಿ ಬಾಯಿ ಆ ಮಾಡಿ ಅಂದರೆ ಮಾಡುತ್ತೇವಾ?

ಈಗ ತೋರಿಸುವ ಡಾಕ್ಟ್ರು ವಯಸ್ಸಿನಲ್ಲಿ ಸಣ್ಣವರು. ಮೊದಲ ದಿನ ಮಿಂಚುಗೆ ಜ್ವರ ನೋಡಿದರು, 103.2. ನನಗೆ ಗಾಬರಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು, ಭಯಕ್ಕೂ ಏರುತ್ತೆ, ಮರದ ಕೆಳಗೆ ಅರ್ಧ ಗಂಟೆ ಕೂತ್ಕೊಂಡು ಬನ್ನಿ ಎಂದರು. ಬಂದ ಮೇಲೆ 102.4. ಸುಮ್ಮನೆ ಒಂದು ಜ್ವರದ ಇಂಜೆಕ್ಷನ್ ತಪ್ಪಿತು. ಆಮೇಲೆ ಅವರು ನೆಲದ ಮೇಲೆ ನ್ಯೂಸ್ ಪೇಪರ್ ಹಾಸಿ ಕೂತರು, ಮಿಂಚು ಕಡೆ ನೋಡಲೇ ಇಲ್ಲ, ನನ್ನ ಜೊತೆ ಕರೆಂಟ್ ಬಿಲ್ ವಿಷಯ ಮಾತಾಡಿದರು. ಐದು ನಿಮಿಷ ಆದ ಮೇಲೆ ಇವಳೇ ಹೋಗಿ ಅವರ ಮೊಣಕೈ ಮೂಸಿದಳು.

"ಮುಂದಿನ ಮೂರು ಸಲ ಕೆಲ್ಸ ಇಲ್ದೇನೇ ಬನ್ನಿ. ತೂಕ ನೋಡಿ, ಏನಾದ್ರೂ ತಿನ್ಸಿ, ಹೋಗ್ಬಿಡಿ. ದುಡ್ಡು ಬೇಡ," ಅಂದರು.

ಇದು ಅವರು ಕಂಡುಹಿಡಿದಿದ್ದಲ್ಲ. ಅಮೆರಿಕದ ಪಶುವೈದ್ಯ ಮಾರ್ಟಿ ಬೆಕರ್ 2016ರಲ್ಲಿ 'ಫಿಯರ್ ಫ್ರೀ' ಎಂದು ಇದಕ್ಕೇ ಒಂದು ತರಬೇತಿ ಶುರು ಮಾಡಿದ್ದಾರೆ. ಆದರೆ ಎಮ್ಮೆ ಕರೆಯುವವರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ. ಬೆನ್ನು ಸವರಿ, ಹಿಂಡಿ ಬೂಸಾ ಮುಂದಿಟ್ಟು, ಆಮೇಲೆ ಕೆಚ್ಚಲಿಗೆ ಕೈ.

ನಾವು ಹಾಗೇ ಮಾಡಿದೆವು. ವಾರಕ್ಕೊಂದು ಸಲ ಹೋಗುವುದು. ಮೊದಲು ಗೇಟಿನ ತನಕ, ಬೇಯಿಸಿದ ಮೊಟ್ಟೆ, ವಾಪಸ್. ಆಮೇಲೆ ತೂಕದ ಯಂತ್ರದ ತನಕ, ಮೊಟ್ಟೆ, ವಾಪಸ್. ಆಟೋದವರು "ಇಷ್ಟಕ್ಕಾ ಬಂದ್ರಿ?" ಎಂದು ಕೇಳಿದರು. ಮೊಟ್ಟೆ ಖರ್ಚಿಗಿಂತ ಆಟೋ ಖರ್ಚೇ ಜಾಸ್ತಿ ಆಯಿತು. ಮನೆಯಲ್ಲಿ ರಾತ್ರಿ ಧಾರಾವಾಹಿ ನೋಡುವಾಗ ಅವಳ ಕಿವಿ ಮಡಚಿ ನೋಡುವುದು, ಪಾದ ಹಿಡಿದು ಬಿಡುವುದು, ತುಟಿ ಎತ್ತುವುದು. ಪ್ರತಿ ಸಲಕ್ಕೂ ಒಂದು ಚೂರು ಏನಾದರೂ. ಬಾಗಿಲಲ್ಲಿದ್ದ ಹಳೇ ಕಾಲೊರೆಸು ಈಗ ಆಸ್ಪತ್ರೆ ಬ್ಯಾಗಿನಲ್ಲಿರುತ್ತದೆ. ಅವಳು ಇಡೀ ದಿನ ಮಲಗುವುದು ಅದರ ಮೇಲೇ. ಟೇಬಲ್ ಮೇಲೆ ಅದನ್ನು ಹಾಸಿದರೆ ಕಾಲು ಜಾರುವುದಿಲ್ಲ, ಮನೆ ವಾಸನೆಯೂ ಇರುತ್ತದೆ. ನೋಡಲು ಅಸಹ್ಯವಾಗಿದೆ, ನಿಜ. ಡಾಕ್ಟ್ರು "ಬಂತು ಕಂಬಳಿ ಗದ್ದುಗೆ" ಎಂದು ತಮಾಷೆ ಮಾಡುತ್ತಾರೆ.

ಮೂತಿಗೆ ಹಾಕುವ ಬುಟ್ಟಿ ವಿಷಯ. ತುಂಬಾ ಜನ ಇದನ್ನು ಅವಮಾನ ಅಂದುಕೊಳ್ಳುತ್ತಾರೆ. "ನಮ್ಮದು ಕಚ್ಚಲ್ಲ" ಅಂತ. ನಮ್ಮ ತಾತ ಎತ್ತುಗಳ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಎತ್ತು ಕೆಟ್ಟದ್ದು ಅಂತ ಅಲ್ಲ, ಪಕ್ಕದ ಪೈರಿಗೆ ಬಾಯಿ ಹಾಕದಿರಲಿ ಅಂತ. ಇದೂ ಅಷ್ಟೇ. ಬುಟ್ಟಿಯಂಥದ್ದಾದರೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಟ್ಟೆಯಲ್ಲಿ ಬಿಗಿದರೆ ಅದಾಗುವುದಿಲ್ಲ, ಸೆಕೆಯಲ್ಲಿ ಮೈ ಕಾದುಬಿಡುತ್ತದೆ. ಮನೆಯಲ್ಲೇ ಬುಟ್ಟಿಯ ತಳಕ್ಕೆ ಒಂದು ಚಮಚ ಮೊಸರು ಸವರಿ ಅಭ್ಯಾಸ ಮಾಡಿಸಿ. ಮಿಂಚು ಈಗ ತಾನೇ ಮೂತಿ ತೂರಿಸುತ್ತಾಳೆ, ಮೊಸರಿನ ಆಸೆಗೆ. ಡಾಕ್ಟ್ರಿಗೂ ನಿಶ್ಚಿಂತೆ. ಅವರ ಕಷ್ಟವನ್ನೂ ನೋಡಬೇಕಲ್ವಾ? ದಿನಕ್ಕೆ ಎಷ್ಟು ಬಾಯಿಗಳ ಮುಂದೆ ಕೈ ಚಾಚುತ್ತಾರೆ. ಹೊರಗೆ ಕ್ಯೂ, ಒಳಗೆ ಫೀಸಿಗೆ ಚೌಕಾಸಿ. ಮೊದಲ ಆಸ್ಪತ್ರೆಯವರ ಮೇಲೂ ನನಗೆ ಈಗ ಸಿಟ್ಟಿಲ್ಲ. ಅಲ್ಲ, ಸ್ವಲ್ಪ ಇದೆ.

ಆದರೆ "ನೀವು ಹೊರಗಿರಿ" ಅನ್ನುವುದನ್ನು ಮಾತ್ರ ಈಗ ನಾನು ಒಪ್ಪುವುದಿಲ್ಲ. ಹೆದರಿದ ನಾಯಿಯನ್ನು ಸವರಿದರೆ ಭಯ ಇನ್ನೂ ಜಾಸ್ತಿ ಆಗುತ್ತೆ, ಮುದ್ದು ಮಾಡಬೇಡಿ ಎಂದು ಹೇಳುವವರು ಬಹಳ. ಮಕ್ಕಳಿಗೂ ಹೀಗೇ ಹೇಳುತ್ತಿದ್ದರು ಒಂದು ಕಾಲದಲ್ಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ತಪಾಸಣೆ ವೇಳೆ ಸಾಕಿದವರು ಪಕ್ಕದಲ್ಲಿ ನಿಂತು ಮಾತಾಡಿಸುತ್ತಾ ಸವರುತ್ತಿದ್ದರೆ ನಾಯಿಯ ಎದೆಬಡಿತ ಅಷ್ಟು ಏರುವುದಿಲ್ಲ, ಟೇಬಲ್‌ನಿಂದ ಹಾರಲು ನೋಡುವುದೂ ಕಡಿಮೆ. ಸಾಕಿದವರೇ ಗಾಬರಿಯಾಗಿ ಅಳುತ್ತಾ ನಿಂತರೆ ಬೇರೆ ಮಾತು, ಆಗ ಹೊರಗಿರುವುದೇ ವಾಸಿ.

ಇಷ್ಟೆಲ್ಲ ಮಾಡಿಯೂ ಬಗ್ಗದ ನಾಯಿಗಳಿವೆ. ಅವಕ್ಕೆ ಹೋಗುವ ಒಂದೆರಡು ಗಂಟೆ ಮೊದಲು ಕೊಡುವ ಭಯ ಇಳಿಸುವ ಮಾತ್ರೆಗಳಿವೆ. ನಿಮ್ಮ ಡಾಕ್ಟ್ರನ್ನೇ ಕೇಳಿ, ಕೇಳಲು ಸಂಕೋಚ ಬೇಡ. ಮೆಡಿಕಲ್ ಶಾಪಿನವರನ್ನು ಕೇಳಬೇಡಿ.

ಮಿಂಚು ಪೂರ್ತಿ ಸರಿಹೋದಳು ಅಂತ ಬರೆದರೆ ಸುಳ್ಳಾಗುತ್ತೆ. ಮೊನ್ನೆಯೂ ಬಾಲ ಕಾಲ ಸಂದಿಯಲ್ಲಿತ್ತು. ಆದರೆ ಕಾಲೊರೆಸಿನ ಮೇಲೆ ನಿಂತಳು. ಡಾಕ್ಟ್ರು ಕತ್ತಿಗೆ ಕೈ ಹಾಕಿದಾಗ ಸಣ್ಣಗೆ ಗುರ್ ಅಂದಳು. ಅವರು ಕೈ ತೆಗೆದು, "ಆಯ್ತು ಕಣಮ್ಮ, ಆಯ್ತು," ಎಂದು ಎರಡು ನಿಮಿಷ ಬಿಟ್ಟರು. ಮತ್ತೆ ಹಾಕಿದಾಗ ಸುಮ್ಮನಿದ್ದಳು. ಮುಖ್ಯ ಅಂದರೆ ಮೊಟ್ಟೆ ತಿಂದಳು. ಇಳಿದ ಮೇಲೆ ತಲೆಯಿಂದ ಬಾಲದ ತನಕ ಒಂದು ಸಲ ಜೋರಾಗಿ ಮೈ ಕೊಡವಿದಳು, ಕಿವಿಗಳು ಪಟಪಟ ಅಂದವು.

ಆ ಜರ್ಮನ್ ಶೆಪರ್ಡ್ ಹೊರಗೆ ಬಂದಾಗ ಅವನ ಯಜಮಾನರಿಗೆ ಉಳಿದಿದ್ದ ಅರ್ಧ ಮೊಟ್ಟೆ ಕೊಟ್ಟೆ. "ಇಲ್ಲಿ ಏನೂ ತಿನ್ನಲ್ಲ ಮೇಡಂ ಇವನು," ಅಂದರು. ಗೇಟಿನಿಂದಾಚೆ ಹೋದ ಮೇಲೆ ಕೊಟ್ಟು ನೋಡಿ ಎಂದೆ. ಕೊಟ್ಟರೋ ಇಲ್ಲವೋ, ನಮ್ಮ ಆಟೋ ಬಂದಿತ್ತು.

ನಿನ್ನೆ ಗ್ಯಾಸ್ ಬುಕ್ ಹುಡುಕಲು ಆ ಡ್ರಾಯರ್ ಎಳೆದೆ. ದಿವಾನದ ಕೆಳಗೆ ದಡಬಡ. ಬಗ್ಗಿ ನೋಡಿದರೆ ಎರಡು ಕಣ್ಣು. "ಡಾಕ್ಟ್ರಲ್ಲ ಕಣೇ, ಗ್ಯಾಸು," ಎಂದೆ. ನಂಬಲಿಲ್ಲ. ಫ್ರಿಜ್ ಬಾಗಿಲ ಸದ್ದು ಕೇಳಿದ ಮೇಲೆ ಹೊರಗೆ ಬಂದಳು.