ಅರಿಸಮಾಸವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ

ಡಿಸೆಂಬರ್ ಬಂತೆಂದರೆ ನಮ್ಮ ಬೆಳಗಾವಿಗೆ ಚಳಿ, ಗುಂಡಿ ಮುಚ್ಚಿದ ರಸ್ತೆ ಮತ್ತು ಸರ್ಕಾರ ಮೂರೂ ಒಟ್ಟಿಗೆ ಬರುತ್ತವೆ. ಸಂಕ್ರಾಂತಿವರೆಗೆ ಉಳಿಯುವುದು ಚಳಿ ಒಂದೇ.

ಅಂಥ ಒಂದು ಸಂಜೆ ಹತ್ತನೇ ಕ್ಲಾಸಿನ ಮಗಳು ವ್ಯಾಕರಣದ ಪುಸ್ತಕ ಹಿಡಿದು ಬಂದಳು. "ಅಪ್ಪಾ, ಅರಿಸಮಾಸ ಅಂದ್ರ ಏನು? ಪೇಪರ್ ಓದಿ ಐದು ವಾಕ್ಯ ಬರ್ಕೊಂಡ ಬರ್ರಿ ಅಂದಾರ ಸರ್." ನೀನೇ ಹೇಳು ನೋಡೋಣ ಅಂದೆ. "ಅರಿ ಅಂದ್ರ ತಿಳಿ. ಅಂದ್ರ ತಿಳಿದೂ ತಿಳಿದೂ ಮಾಡಿದ ಸಮಾಸ" ಅಂದಳು. ತಪ್ಪು. ಇಲ್ಲಿ ಅರಿ ಎಂದರೆ ಶತ್ರು. ಸಂಸ್ಕೃತದ ಪದವೊಂದು ಕನ್ನಡದ ಪದವೊಂದು ಕೂಡಿ ಸಂಸಾರ ಹೂಡಿದರೆ ಅದು ಅರಿಸಮಾಸ, ದೋಷ. ಆದರೆ ಪೇಪರಿನ ಮೊದಲ ಪುಟ ನೋಡಿದ ಮೇಲೆ ಅವಳ ಅರ್ಥವೂ ಅಷ್ಟೇನೂ ತಪ್ಪಿಲ್ಲ ಅನಿಸಿತು. ಶತ್ರುಗಳು ತಿಳಿದೂ ತಿಳಿದೂ ಕೂಡುವುದು, ಎರಡೂ ಸೇರಿದರೆ ಪೂರ್ತಿ ಅರ್ಥ.

ಇನ್ನೊಂದು ತಮಾಷೆ. ಅರಿಸಮಾಸ ಎಂಬ ಪದವೇ ಅರಿಸಮಾಸವಲ್ಲ. ಅರಿಯೂ ಸಂಸ್ಕೃತ, ಸಮಾಸವೂ ಸಂಸ್ಕೃತ. ದೋಷದ ಹೆಸರಿನಲ್ಲಿ ಮಾತ್ರ ದೋಷವಿಲ್ಲ, ಪಕ್ಷಗಳ ಶಿಸ್ತು ಸಮಿತಿಯ ಹಾಗೆ.

ಮೊದಲ ಉದಾಹರಣೆ ಮಗಳೇ ಹುಡುಕಿದಳು: ಮತಗಟ್ಟೆ. ಮತ ಸಂಸ್ಕೃತದ್ದು, ಕಟ್ಟೆ ನಮ್ಮದು. ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವ ಜಾಗದಲ್ಲೇ ದೋಷ ಕೂತಿದೆಯಂತೆ. ಹಾಗಿದ್ದ ಮೇಲೆ ಅಲ್ಲಿಂದ ಹುಟ್ಟಿ ಬಂದವರನ್ನು ಬೈದು ಏನು ಬಂತು?

ಆಮೇಲೆ ಪಕ್ಷಾಂತರ. ಇದು ಅರಿಸಮಾಸ ಇರಲೇಬೇಕು ಎಂದು ಇಬ್ಬರೂ ಆಸೆಯಿಂದ ಬಿಡಿಸಿದೆವು. ಪಕ್ಷ, ಅಂತರ. ಎರಡೂ ಅಪ್ಪಟ ಸಂಸ್ಕೃತ, ಮೇಲೆ ಸವರ್ಣದೀರ್ಘ ಸಂಧಿ ಬೇರೆ. ಎಳ್ಳಷ್ಟೂ ದೋಷವಿಲ್ಲ! 2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿ, 2024ರ ಜನವರಿಯಲ್ಲಿ ವಾಪಸ್ ಬಂದು, ಅದೇ ಜೂನ್‌ನಲ್ಲಿ ನಮ್ಮ ಬೆಳಗಾವಿಯ ಸಂಸದರೇ ಆದ ಜಗದೀಶ ಶೆಟ್ಟರ್ ಅವರನ್ನು ನಾವು ಸುಮ್ನೆ ಅನುಮಾನಿಸಿದ್ದೆವು. ವ್ಯಾಕರಣ ಅವರ ಕಡೆಗಿದೆ.

ಮೈತ್ರಿಕೂಟದ ಕತೆ ಇನ್ನೂ ಚೆಂದ. ಕೂಟ ಎಂಬುದನ್ನು ಕನ್ನಡದ್ದು ಎಂದು ಓದಿದರೆ ಸೇರುವುದು ಎಂದರ್ಥ, ಆದರೆ ಆಗ ಅರಿಸಮಾಸದ ದೋಷ ಬರುತ್ತದೆ. ಬೇಡ, ಸಂಸ್ಕೃತದ್ದೇ ಎಂದು ಓದಿ ದೋಷ ಕಳೆಯೋಣ ಎಂದರೆ ಸಂಸ್ಕೃತದಲ್ಲಿ ಕೂಟಕ್ಕೆ ಮೋಸ ಎಂಬ ಅರ್ಥವೂ ಇದೆ. ಅಂದರೆ ವ್ಯಾಕರಣ ಕೆಡಬೇಕು, ಇಲ್ಲಾ ಸ್ನೇಹ ಕೆಡಬೇಕು.

ಈ ಎಚ್ಚರಿಕೆ ಹೊಸದಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲೇ ಇದೆ: ತಿಳಿಯದೆ ಎರಡು ಭಾಷೆ ಸೇರಿಸಿ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ. ಅದೇ ಕೃತಿ ತಿರುಳ್ಗನ್ನಡದ ನಾಡು ಎಂದು ಗುರುತಿಸುವಾಗ ನಮ್ಮ ಜಿಲ್ಲೆಯ ಒಕ್ಕುಂದದ ಹೆಸರನ್ನೂ ಹೇಳುತ್ತದೆ. ಅಂದರೆ ಹಾಲು ಒಡೆಯುತ್ತದೆ ಎಂದು ನಮಗೆ ಸಾವಿರದ ನೂರು ವರ್ಷದಿಂದ ಗೊತ್ತು. ಕೇಳಿದವರು ಯಾರು? 2006ರಲ್ಲಿ ಜೆಡಿಎಸ್, ಬಿಜೆಪಿ ಇಪ್ಪತ್ತು ತಿಂಗಳು ನೀನು ಇಪ್ಪತ್ತು ತಿಂಗಳು ನಾನು ಎಂದು ಒಲೆ ಹಚ್ಚಿದವು. ಎರಡನೆಯವರ ಇಪ್ಪತ್ತು ತಿಂಗಳು 2007ರ ನವೆಂಬರ್‌ನಲ್ಲಿ ಒಂದು ವಾರಕ್ಕೆ ಮುಗಿಯಿತು. 2018ರಲ್ಲಿ ಕಾಂಗ್ರೆಸ್ ಹಾಲಿಗೆ ಅದೇ ಮಜ್ಜಿಗೆ, ಹದಿನಾಲ್ಕು ತಿಂಗಳು. 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹಳೇ ಹಾಲು, ಹಳೇ ಮಜ್ಜಿಗೆ, ಪಾತ್ರೆ ಮಾತ್ರ ತೊಳೆದಿದ್ದರು. ನಮ್ಮ ಊರಿನಲ್ಲಿ ಒಡೆದ ಹಾಲಿಗೆ ಯಾರೂ ಅಳುವುದಿಲ್ಲ, ಸಕ್ಕರೆ ಸುರಿದು ಕೈಯಾಡಿಸಿ ಕುಂದಾ ಮಾಡುತ್ತಾರೆ. ಸಕ್ಕರೆ ಜಾಸ್ತಿ ಬೇಕು ಅಷ್ಟೇ. ಈ ಜಿಲ್ಲೆಯ ರಾಜಕಾರಣದಲ್ಲಿ ಸಕ್ಕರೆ ಕಾರ್ಖಾನೆ ಇಟ್ಟುಕೊಂಡವರಿಗೆ ಬರವೇ?

"ಹಂಗಾರ ದ್ವಂದ್ವ ಸಮಾಸಕ್ಕೂ ಒಂದು ಉದಾಹರಣೆ ಕೊಡ್ರಿ" ಅಂದಳು. ಅದರಲ್ಲಿ ಎರಡೂ ಪದ ಪ್ರಧಾನ, ಯಾವುದೂ ಕೆಳಗಿಲ್ಲ. 2025ರ ಅಧಿವೇಶನಕ್ಕೆ ಬೆಳಗಾವಿಗೆ ಬರುವ ಮುಂಚೆ ಮುಖ್ಯಮಂತ್ರಿ ಮನೆಯಲ್ಲಿ ಉಪಮುಖ್ಯಮಂತ್ರಿ ತಿಂಡಿ ತಿಂದರು, ಉಪಮುಖ್ಯಮಂತ್ರಿ ಮನೆಯಲ್ಲಿ ಮುಖ್ಯಮಂತ್ರಿ ತಿಂದರು. ಒಂದು ಕಡೆ ಉಪ್ಪಿಟ್ಟು, ಇನ್ನೊಂದು ಕಡೆ ನಾಟಿ ಕೋಳಿ. ಇದಕ್ಕಿಂತ ಒಳ್ಳೆ ದ್ವಂದ್ವ ಪಠ್ಯಪುಸ್ತಕದಲ್ಲಿ ಸಿಗಲ್ಲ. ಬರ್ಕೋ ಅಂದೆ.

ಅರಿಸಮಾಸ ದೋಷವೇನೋ ಹೌದು, ಆದರೆ ಮಾಫಿ ಇದೆ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗ ಎರಡು ಬಾಗಿಲು ತೆರೆದಿಟ್ಟ. ಬಿರುದಾವಳಿಯಲ್ಲಿ ಬಂದರೆ ನಡೆಯುತ್ತದೆ, ಹಿಂದಿನ ದೊಡ್ಡ ಕವಿಗಳು ಬಳಸಿದ್ದರೆ ನಡೆಯುತ್ತದೆ. (ಗಮಕ, ಕ್ರಿಯಾ ಸಮಾಸಕ್ಕೂ ವಿನಾಯಿತಿ ಉಂಟು, ಅದು ಪರೀಕ್ಷೆಗೆ ಬರುವವರಿಗೆ.) ಎರಡನೇ ಬಾಗಿಲು ನಮಗೆಲ್ಲ ಚೆನ್ನಾಗಿ ಗೊತ್ತು. ಯಾವ ಪಕ್ಷದವರನ್ನು ಏನೇ ಕೇಳಿ, "ಅವರ ಕಾಲದಲ್ಲಿ ಮಾಡಿರಲಿಲ್ವಾ?" ಎನ್ನುತ್ತಾರೆ. ಕೇಶಿರಾಜನನ್ನು ಓದದೆಯೇ ಅಷ್ಟು ಗಟ್ಟಿ ಮಾಡಿಕೊಂಡಿದ್ದಾರೆ.

ಮೊದಲನೇ ಬಾಗಿಲು ನೋಡಬೇಕೆಂದರೆ ಚೆನ್ನಮ್ಮ ಸರ್ಕಲ್ ಕಡೆ ಹೋದರೆ ಸಾಕು. ಮರುದಿನ ಟ್ಯೂಷನ್ನಿಗೆ ಬಿಡುವಾಗ ಮಗಳು ಸ್ಕೂಟರ್ ಹಿಂದೆ ಕೂತು ಫ್ಲೆಕ್ಸ್ ಓದುತ್ತಾ ಬಂದಳು. 'ಯುವ ಕಣ್ಮಣಿ'. ಕಣ್ ಕನ್ನಡ, ಮಣಿ ಸಂಸ್ಕೃತ, ಅಲ್ಲೇ ಒಂದು ಅರಿಸಮಾಸ. ಮುಂದೆ ಯುವ ಬಂದು ಕೂತಿದೆ, ಡಬಲ್. ಫೋಟೋದಲ್ಲಿರುವವರ ತಲೆ ನೋಡಿದರೆ ಯುವ ಎಂಬುದೂ ದೋಷವೇ, ಆದರೆ ಅದು ವ್ಯಾಕರಣದ ವ್ಯಾಪ್ತಿಗೆ ಬರುವುದಿಲ್ಲ. ಪಕ್ಕದಲ್ಲೇ 'ಅಭಿವೃದ್ಧಿ ಹರಿಕಾರ'. ಹರಿಕಾರ ಎಂದರೆ ಹಿಂದಿನ ಕಾಲದಲ್ಲಿ ಓಲೆ ಹೊತ್ತು ಓಡುತ್ತಿದ್ದವನು, ಪಾರ್ಸಿ ಕಡೆಯಿಂದ ಬಂದ ಪದ. ಅಂದರೆ ಇವರು ಅಭಿವೃದ್ಧಿ ತರುವವರಲ್ಲ, ಅದರ ಸುದ್ದಿ ತರುವವರು. ಬರೆಸಿದವರಿಗೆ ಗೊತ್ತಿಲ್ಲದೆ ಸತ್ಯ ಅಚ್ಚಾಗಿದೆ.

"ಅಪ್ಪಾ, ಜಾರಕಿಹೊಳಿ ಮನಿತನ ಯಾವ ಸಮಾಸ?" ಸಿಗ್ನಲ್ಲಿನಲ್ಲಿ ಕೇಳಿದಳು. ಒಬ್ಬರು ಕಾಂಗ್ರೆಸ್ ಮಂತ್ರಿ, ಇಬ್ಬರು ಬಿಜೆಪಿ ಶಾಸಕರು, ಇನ್ನೊಬ್ಬರು 2021ರಲ್ಲಿ ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಹೋದವರು. ಪಕ್ಕದ ಬೈಕಿನವನು ತಿರುಗಿ ನೋಡಿದ. ಹಸಿರು ದೀಪ ಬಿತ್ತು, ಬಚಾವಾದೆ. ಮನೆಗೆ ಬಂದ ಮೇಲೆ ಬಹುವ್ರೀಹಿ ಎಂದು ಹೇಳಿಕೊಟ್ಟೆ. ಅದರಲ್ಲಿ ಮೊದಲ ಪದ, ಎರಡನೇ ಪದ ಎರಡೂ ಬಿಟ್ಟು ಬೇರೇನೋ ಮುಖ್ಯ. ಏನೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂತೂ ಐದು ವಾಕ್ಯ ಆಯಿತು. ಕೊನೆಯದನ್ನು ನನ್ನ ಸಹಾಯವಿಲ್ಲದೆ ಅವಳೇ ಬರೆದಿದ್ದಳು: "ಆ ಶಾಸಕರು ನಡುರಾತ್ರಿ ಪಕ್ಷ ಬಿಟ್ಟು, ಬೆಳಗಾಗುವುದರೊಳಗೆ ಜನಸೇವೆ ಶುರು ಮಾಡಿದರು." ವಾರದ ಮೇಲೆ ನೋಟ್‌ಬುಕ್ ವಾಪಸ್ ಬಂತು. ಐದಕ್ಕೆ ನಾಲ್ಕೂವರೆ. ಅರ್ಧ ಮಾರ್ಕ್ ಎಲ್ಲಿ ಹೋಯಿತು ಎಂದು ಹುಡುಕಿದೆ. ಸರ್ ಅದೇ ಕೊನೇ ವಾಕ್ಯದ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದರು: "ಉದಾಹರಣೆ ಸರಿ. ಆದರೆ ಬರವಣಿಗೆಯಲ್ಲಿ ನಡುರಾತ್ರಿ ದೋಷ, ನಡುವಿರುಳು ಎಂದಿರಲಿ." ಉಳಿದ ವಾಕ್ಯಕ್ಕೆ ಟಿಕ್ ಹಾಕಿದ್ದರು.